ಹಲಗೆ ಬಡಿದ ಮೇಲೆ ಹತ್ತು ಸೆಕೆಂಡು

ಭಾನುವಾರ ಬೆಳಿಗ್ಗೆ ಮೊದಲ ಪಂದ್ಯದ ಟಿಪ್ಪಣಿ ಬರೆಯಲು ಕೂತಾಗ ಹಾಲಿನ್ನೂ ಕಾದಿರಲಿಲ್ಲ. ಒಟ್ಟು ಏಳು ಪಂದ್ಯ, ಏಳು ಟಿಪ್ಪಣಿ. ಸಂಜೆ ನಾಲ್ಕರೊಳಗೆ ಎಲ್ಲವೂ ಕಾರ್ಯದರ್ಶಿಯ ಕೈ ಸೇರಬೇಕಿತ್ತು. ನಾಲ್ಕೂವರೆಗೆ ಸಮಿತಿ ಕೂತು ಮುಂದಿನ ವರ್ಷ ಯಾರು ಆಡಬಹುದು, ಯಾರು ಆಡುವಂತಿಲ್ಲ ಎಂಬ ಪಟ್ಟಿಯನ್ನು ಅಂತಿಮ ಮಾಡುತ್ತದೆ.

ನಮ್ಮದು ಚಿಕ್ಕ ಲೀಗ್. ಗುದ್ದು, ಒದೆತ, ಕುಸ್ತಿಯ ಹಿಡಿತ ಎಲ್ಲ ಸೇರಿದ ಎಂಎಂಎ ಪಂದ್ಯಗಳು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಒಂದು ಹಳೇ ಗೋದಾಮಿನಲ್ಲಿ ನಡೆಯುತ್ತವೆ. ಸುತ್ತ ಬಲೆ ಕಟ್ಟಿದ ಅಖಾಡ, ಮುನ್ನೂರು ಪ್ಲಾಸ್ಟಿಕ್ ಕುರ್ಚಿ, ಎರಡು ಕ್ಯಾಮೆರಾ. ಆಡುವವರೆಲ್ಲ ವಾರವಿಡೀ ಬೇರೆ ಕೆಲಸ ಮಾಡಿ ಬದುಕುವವರು. ಆ ಎರಡು ಕ್ಯಾಮೆರಾಗಳ ವಿಡಿಯೊವನ್ನು ಮಾರನೆಯ ದಿನ ನೋಡಿ, ರೆಫರಿ ಸರಿಯಾದ ಹೊತ್ತಿಗೆ ಪಂದ್ಯ ನಿಲ್ಲಿಸಿದರೇ, ಅಂಕ ಕೊಟ್ಟವರು ಕಣ್ಣು ಬಿಟ್ಟುಕೊಂಡು ಕೊಟ್ಟರೇ, ಗಡಿಯಾರ ನೆಟ್ಟಗೆ ನಡೆಯಿತೇ ಎಂದು ಪಂದ್ಯಕ್ಕೊಂದು ಪುಟ ಬರೆಯುವುದು ನನ್ನ ಕೆಲಸ. ಮಗಳು ಹುಟ್ಟುವ ಮೊದಲು ಅಖಾಡದ ಪಕ್ಕ ಕೂತು ನಾನೇ ಅಂಕ ಕೊಡುತ್ತಿದ್ದೆ. ಈಗ ಅಡುಗೆಮನೆಯ ಮೇಜೇ ನನ್ನ ಜಾಗ. ಒಂದು ಸುತ್ತು ನೋಡುವುದು, ಎದ್ದು ಒಲೆ ಸಣ್ಣ ಮಾಡುವುದು, ಇನ್ನೊಂದು ಸುತ್ತು ನೋಡುವುದು.

ಟೈಮ್‌ಕೀಪರ್ ಕುರ್ಚಿಯಲ್ಲಿ ಕೂರುವವರು ನಮ್ಮ ಮಾವ. ಗಿರಣಿಯಲ್ಲಿ ಮೂವತ್ತೆರಡು ವರ್ಷ ಪಾಳಿಯ ಸೈರನ್ ಕೂಗಿಸಿದವರು. ನಿವೃತ್ತರಾದ ಮೇಲೆ ಗೋಡೆ ಗಡಿಯಾರ ನೋಡುತ್ತಾ ಕೂತು, ಮನೆಯವರನ್ನೆಲ್ಲ ಪಾಳಿಯ ಮೇಲೆ ಊಟಕ್ಕೆ ಎಬ್ಬಿಸುತ್ತಿದ್ದರು. ಹೋದ ವರ್ಷ ಹಿಂದಿನ ಟೈಮ್‌ಕೀಪರ್ ಕೆಲಸ ಬಿಟ್ಟಾಗ ನಾನೇ ಸಮಿತಿಗೆ ಮಾವನ ವಿಷಯ ಹೇಳಿದೆ. ಕೆಲಸ ಕಲಿಸಿದ್ದೂ ನಾನೇ, ಇದೇ ಮೇಜಿನ ಮೇಲೆ. ಅವರ ಮುಂದೆ ಮೂರು ಸಾಮಾನು ಇರುತ್ತವೆ: ಒಂದು ಸ್ಟಾಪ್‌ವಾಚ್, ಒಂದು ಗಂಟೆ, ಅಂಗೈಯಗಲದ ಎರಡು ಮರದ ಹಲಗೆ. ಸುತ್ತು ಮೂರು ನಿಮಿಷದ್ದು. ಮುಗಿಯಲು ಹತ್ತು ಸೆಕೆಂಡು ಇದ್ದಾಗ ಹಲಗೆಗಳನ್ನು ಒಂದಕ್ಕೊಂದು ಬಡಿಯಬೇಕು. ಹತ್ತು ಸೆಕೆಂಡು ಕಳೆದಾಗ ಗಂಟೆ ಹೊಡೆಯಬೇಕು. ಆಡುವವರಿಗೆ ಹಲಗೆಯ ಸದ್ದು ಎಂದರೆ ಪ್ರಾಣ. ಎಂಥ ಹಿಡಿತದಲ್ಲಿ ಸಿಕ್ಕಿಕೊಂಡಿದ್ದರೂ, ಹಲಗೆ ಬಡಿದರೆ ಇನ್ನು ಹತ್ತೇ ಸೆಕೆಂಡು, ಹಲ್ಲು ಕಚ್ಚಿ ತಡೆದುಕೋ ಎಂದು ಎಲ್ಲ ತರಬೇತಿ ಮನೆಗಳಲ್ಲೂ ಹೇಳಿಕೊಡುತ್ತಾರೆ.

ಮೊದಲನೆಯ ಪಂದ್ಯಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪೇಂಟರನೂ ಲಾರಿ ಕ್ಲೀನರನೂ ಮೂರು ಸುತ್ತು ಒಬ್ಬರನ್ನೊಬ್ಬರು ಬಲೆಗೆ ಒತ್ತಿಕೊಂಡು ನಿಂತಿದ್ದರು. ‘ಇಬ್ಬರೂ ಒಬ್ಬರಿಗೊಬ್ಬರು ಒರಗಿ ಸುಧಾರಿಸಿಕೊಂಡರು, ರೆಫರಿ ಎರಡು ಬಾರಿಯಾದರೂ ಬಿಡಿಸಬೇಕಿತ್ತು’ ಎಂದು ಬರೆದೆ. ಎರಡನೆಯದರಲ್ಲಿ ಕ್ಷೌರಿಕ ಬಲಗಾಲಲ್ಲಿ ಒದ್ದ ಒಂದೇ ಒದೆತಕ್ಕೆ ಎದುರಾಳಿ ಮಡಿಸಿಟ್ಟ ಬಟ್ಟೆಯ ಹಾಗೆ ಕುಸಿದ. ರೆಫರಿ ಅರೆಗಳಿಗೆಯಲ್ಲಿ ಮಧ್ಯೆ ಬಿದ್ದಿದ್ದರು. ಅವರಿಗೆ ಎರಡು ಸಾಲು ಮೆಚ್ಚುಗೆ ಬರೆದು, ಮಗಳ ಶಾಲೆಯ ಬಟ್ಟೆ ನೆನೆಹಾಕಲು ಎದ್ದೆ.

ಬಟ್ಟೆ ಆಗಲೇ ನೆನೆದಿತ್ತು. ಮಾವ ನೆನೆಹಾಕಿದ್ದರು.

ಅವರು ಹಾಗೆ ಕೆಲಸಕ್ಕೆ ಕೈಹಾಕುವವರಲ್ಲ. ಆದರೆ ಅವತ್ತು ಎದ್ದಾಗಿನಿಂದ ಮನೆಯವರೆಲ್ಲರ ಚಪ್ಪಲಿ ಒರೆಸಿಟ್ಟಿದ್ದರು, ನೀರು ತುಂಬಿದ್ದರು, ಮೊಮ್ಮಗಳ ಪೆನ್ಸಿಲ್‌ಗಳನ್ನೆಲ್ಲ ಹೆರೆದಿಟ್ಟಿದ್ದರು. ಬಾಯಿಗೆ ಮಾತ್ರ ಬೀಗ. ಹಿಂದಿನ ಸಂಜೆ ಗೋದಾಮಿನಿಂದ ಬಂದವರು ಊಟ ಬೇಡ ಎಂದು ಮಲಗಿದ್ದರು. ಯಾವ ಪಂದ್ಯ ಹೇಗಾಯಿತು ಎಂದು ಕೈ ಬೀಸಿ ಬೀಸಿ ಹೇಳುವ ಮನುಷ್ಯ ಒಂದು ಮಾತೂ ಆಡಿರಲಿಲ್ಲ. ವಯಸ್ಸು, ದಣಿವು ಎಂದುಕೊಂಡು ನಾನೂ ಕೆದಕಿರಲಿಲ್ಲ.

"ಎಷ್ಟನೇದಮ್ಮ ಈಗ?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು.

"ಮೂರನೇದು, ಮಾವ."

ತಲೆಯಾಡಿಸಿ ಹೋದರು. ನಾಲ್ಕನೆಯದು ನೋಡುತ್ತಿದ್ದಾಗ ಮತ್ತೆ ಬಂದು ಅದನ್ನೇ ಕೇಳಿದರು. ಈ ಸಲ ಬಾಗಿಲ ಚೌಕಟ್ಟಿಗೆ ಒಂದು ಕೈ ಊರಿದ್ದರು. 

ಅಷ್ಟರಲ್ಲಿ ಕಾರ್ಯದರ್ಶಿಯ ಫೋನು. ಐದನೆಯ ಪಂದ್ಯದ ಬಗ್ಗೆ ಬೇಕರಿ ಹುಡುಗಿಯ ತರಬೇತುದಾರ ತಕರಾರು ತೆಗೆದಿದ್ದಾನೆ, ಗಂಟೆ ತಡವಾಯಿತು ಅನ್ನುತ್ತಿದ್ದಾನೆ, ಅವನಿಗೆ ಅದೊಂದು ಚಾಳಿ, ನೀವು ‘ಲೋಪವಿಲ್ಲ’ ಎಂದು ಬರೆದರೆ ಅಲ್ಲಿಗೆ ಮುಗಿಯಿತು ಎಂದರು. ಆ ಹುಡುಗಿಗೆ ಇದು ಸತತ ಎರಡನೆಯ ಸೋಲು, ಎರಡು ಸೋತವರನ್ನು ವರ್ಷದ ಪಟ್ಟಿಯಿಂದ ತೆಗೆಯುವುದು ನಿಯಮ ಎಂದೂ ನೆನಪಿಸಿದರು. ಟೈಮ್‌ಕೀಪರ್ ತಪ್ಪು ಎಂದಾದರೆ ಪಂದ್ಯವೇ ರದ್ದು, ಹುಡುಗಿಯ ಹೆಸರು ಉಳಿಯುತ್ತದೆ. ಆದರೆ ನಿಮ್ಮ ಮಾವನವರು ಅಂಥ ತಪ್ಪು ಮಾಡುವವರಲ್ಲವಲ್ಲ ಎಂದು ನಕ್ಕರು.

ಬೇಕರಿ ಹುಡುಗಿಯನ್ನು ನಾನು ಬಲ್ಲೆ. ಬೆಳಗಿನ ಜಾವ ಒಲೆಯ ಮುಂದೆ ನಿಂತು ತಟ್ಟೆ ಎಳೆಯುವವಳು. ಮುಂಗೈಗಳ ತುಂಬ ಸುಟ್ಟ ಗೆರೆಗಳು. ಕೆಲಸ ಮುಗಿಸಿ ಎರಡು ಬಸ್ಸು ಬದಲಿಸಿ ತರಬೇತಿಗೆ ಹೋಗುತ್ತಾಳೆ. ಈ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಇಡೀ ವರ್ಷ ಆಡುವಂತಿಲ್ಲ. ವರ್ಷ ಬಿಟ್ಟ ಹುಡುಗಿಯರು ಮತ್ತೆ ಬಂದದ್ದನ್ನು ನಾನು ಕಂಡಿಲ್ಲ. ಮದುವೆಯೋ, ಎರಡನೆಯ ಕೆಲಸವೋ, ಏನೋ ಒಂದು ಆ ಸಂಜೆಗಳನ್ನು ನುಂಗಿಬಿಡುತ್ತದೆ.

ಕೈ ಒರೆಸಿಕೊಂಡು ಐದನೆಯ ಪಂದ್ಯ ಹಾಕಿದೆ.

ಎದುರಾಳಿ ಒಬ್ಬ ನರ್ಸು, ಎತ್ತರದವಳು, ಉದ್ದ ತೋಳಿನವಳು. ಮೊದಲ ಸುತ್ತು ಅವಳದು, ಎರಡನೆಯದು ಬೇಕರಿ ಹುಡುಗಿಯದು. ಮೂರನೆಯದರ ಕೊನೆಯಲ್ಲಿ ನರ್ಸು ಹಿಂದಿನಿಂದ ಬಂದು ಕುತ್ತಿಗೆಗೆ ತೋಳು ಸುತ್ತಿದಳು. ಐದು ಸೆಕೆಂಡಿನಲ್ಲಿ ಟಕ್ ಎಂದು ಹಲಗೆಯ ಸದ್ದು. ಬೇಕರಿ ಹುಡುಗಿ ಗದ್ದ ಒತ್ತಿ ತಡೆದಳು, ಮುಖ ಕೆಂಪಾಯಿತು, ಕಪ್ಪಾಯಿತು. ಎಡಗೈ ಬೆರಳುಗಳು ನರ್ಸಿನ ತೋಳಿನ ಮೇಲೆ ಸಣ್ಣಗೆ ಆಡಿದವು. ಆಮೇಲೆ ಕೈ ಜಾರಿ ಬಿತ್ತು. ರೆಫರಿ ನರ್ಸನ್ನು ಎಳೆದು ಬಿಡಿಸಿದರು. ವೈದ್ಯರ ಚೀಟಿಯಲ್ಲಿ ‘ನಲವತ್ತು ಸೆಕೆಂಡಿನಲ್ಲಿ ಎಚ್ಚರ, ಅಪಾಯವಿಲ್ಲ’ ಎಂದಿತ್ತು.

ಆ ಬೆರಳುಗಳ ಮೇಲೆ ವಿಡಿಯೊ ನಿಲ್ಲಿಸಿದೆ. ಸೋಲೊಪ್ಪುವವರು ಎದುರಾಳಿಯ ಮೈಯನ್ನು ಕೈಯಿಂದ ತಟ್ಟುತ್ತಾರೆ. ಅವಳು ತಟ್ಟಿದ್ದನ್ನು ರೆಫರಿ ಕಾಣಲಿಲ್ಲವೇ? ವಿಡಿಯೊ ನಿಧಾನ ಮಾಡಿ ನೋಡಿದೆ. ತಟ್ಟುವ ಹಾಗಿರಲಿಲ್ಲ. ಕಿರುಬೆರಳು ಮಡಿಯಿತು, ಆಮೇಲೆ ಉಂಗುರದ ಬೆರಳು, ಆಮೇಲೆ ಮಧ್ಯದ್ದು. ಐದೂ ಮಡಿದ ಮೇಲೆ ಒಂದೊಂದಾಗಿ ಬಿಚ್ಚಿಕೊಂಡವು.

ಪರಿಶೀಲನೆ ಮಾಡುವವರು ಆಡಿದವರನ್ನು ಒಂದು ಪ್ರಶ್ನೆ ಕೇಳಬಹುದು. ಸದ್ದು ಹೊರಗೆ ಕೇಳುವ ಹಾಗಿಟ್ಟು ಬೇಕರಿಗೆ ಫೋನು ಮಾಡಿದೆ. ಹಿಂದೆ ತಟ್ಟೆಗಳ ಸದ್ದು, ಯಾರೋ ಯಾರಿಗೋ ದಾರಿ ಬಿಡು ಎನ್ನುತ್ತಿದ್ದರು. ಅವಳ ದನಿ ಒಡೆದಿತ್ತು. ಬೆರಳಿನ ವಿಷಯ ಕೇಳಿದೆ.

"ಎಣಿಸ್ತಿದ್ದೆ ಅಕ್ಕ. ಹಲಗೆ ಆದ್ಮೇಲೆ ಹತ್ತು ತಾನೆ? ಮಡಚಿ ಐದು, ಬಿಚ್ಚಿ ಐದು. ಹತ್ತಾಯ್ತು, ಗಂಟೆ ಬರ್ಲಿಲ್ಲ. ಭಯಕ್ಕೆ ಬೇಗ ಬೇಗ ಎಣಿಸಿಬಿಟ್ಟೆ ಅನ್ಸುತ್ತೆ."

ಅವಳ ಗುರುಗಳು ಗಂಟೆಯನ್ನು ಬೈಯುತ್ತಿದ್ದರಂತೆ. ಅವಳು ಮಾತ್ರ ತನ್ನ ಎಣಿಕೆಯನ್ನೇ ಬೈದುಕೊಳ್ಳುತ್ತಿದ್ದಳು. ಬೆಳಗಿನಿಂದ ಒಲೆಯ ಮುಂದೆ ನಿಂತು ಗೋಡೆ ಗಡಿಯಾರ ನೋಡಿಕೊಂಡು ಬೆರಳು ಮಡಚಿ ಅಭ್ಯಾಸ ಮಾಡುತ್ತಿದ್ದೇನೆ ಎಂದಳು. ಎಣಿಸಿದಾಗಲೆಲ್ಲ ಸರಿಯಾಗೇ ಬರುತ್ತಿದೆ ಅಕ್ಕ, ಅಲ್ಲಿ ಮಾತ್ರ ಯಾಕೆ ತಪ್ಪಿತೋ ಎಂದಳು. ಏನು ಹೇಳಲೂ ನನಗಿನ್ನೂ ಹಕ್ಕಿರಲಿಲ್ಲ. ನೀರು ಕುಡಿ, ಗಂಟಲಿಗೆ ಬಿಸಿಯದೇನಾದರೂ ತಗೋ ಎಂದು ಫೋನಿಟ್ಟೆ.

ಮಗಳು ಲೆಕ್ಕದ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಒಂದು ಭಾಗಾಕಾರ ಬರುತ್ತಿರಲಿಲ್ಲ.  ತಾತನ ಹತ್ತಿರ ಹೋಗು ಪುಟ್ಟಿ ಎಂದರೆ, ತಾತ ಬೆಳಿಗ್ಗೆಯಿಂದ ತಪ್ಪು ತಪ್ಪು ಹೇಳಿಕೊಡ್ತಿದ್ದಾರೆ ಎಂದಳು.

ಅವಳನ್ನು ಕಳಿಸಿ, ಮೂರನೆಯ ಸುತ್ತನ್ನು ಮೊದಲಿಂದ ಹಾಕಿದೆ. ಶುರುವಿನ ಗಂಟೆಗೆ ಸರಿಯಾಗಿ ನನ್ನ ಸ್ಟಾಪ್‌ವಾಚ್ ಒತ್ತಿದೆ. ಒಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ಬೇಕರಿ ಹುಡುಗಿ ಹಲ್ಲಿಗೆ ಕಚ್ಚಿಕೊಂಡಿದ್ದ ರಬ್ಬರಿನ ರಕ್ಷೆ ಬಾಯಿಂದ ಹಾರಿ ಬಿತ್ತು. ರೆಫರಿ ಒಂದು ಕೈ ಎತ್ತಿ ಇಬ್ಬರನ್ನೂ ನಿಲ್ಲಿಸಿ, "ಟೈಮ್" ಎಂದು ಕೂಗಿ, ಅದನ್ನು ತೊಳೆಸಿ ಮತ್ತೆ ಬಾಯಿಗಿಡಿಸಿದರು. ಹನ್ನೆರಡು ಸೆಕೆಂಡು. ಅಷ್ಟು ಹೊತ್ತು ಗಡಿಯಾರ ನಿಂತಿರಬೇಕು. ನಾನು ನನ್ನದನ್ನು ನಿಲ್ಲಿಸಿದೆ, ಅವರು ಮತ್ತೆ ಆಡತೊಡಗಿದಾಗ ಬಿಟ್ಟೆ. ಹಲಗೆಯ ಸದ್ದು ಬಂದಾಗ ಒತ್ತಿ ನೋಡಿದೆ.

ಎರಡು ನಿಮಿಷ ಮೂವತ್ತೆಂಟು ಸೆಕೆಂಡು. ಬರಬೇಕಾದದ್ದು ಎರಡು ಐವತ್ತಕ್ಕೆ.

ಮತ್ತೊಮ್ಮೆ ನೋಡಿದೆ. ಆಗಲೂ ಅದೇ. ಮಾವ ಗಡಿಯಾರ ನಿಲ್ಲಿಸಿರಲಿಲ್ಲ. ಅವರ ಲೆಕ್ಕದಲ್ಲಿ ಹತ್ತು ಸೆಕೆಂಡು ಉಳಿದಿತ್ತು. ನಿಜದಲ್ಲಿ ಇಪ್ಪತ್ತೆರಡು ಉಳಿದಿತ್ತು. ತಪ್ಪಿನ ಮೇಲೇ ನಡೆದು ಹತ್ತಕ್ಕೆ ಗಂಟೆ ಹೊಡೆದಿದ್ದರೂ ಹುಡುಗಿ ಎಚ್ಚರದಲ್ಲೇ ಉಳಿಯುತ್ತಿದ್ದಳೋ ಏನೋ. ಆದರೆ ಗಂಟೆ ಬರಲಿಲ್ಲ. ಹಲಗೆ ಬಡಿದು ಹನ್ನೆರಡನೆಯ ಸೆಕೆಂಡಿಗೆ ಅವಳ ಕೈ ಬಿತ್ತು.

ಒಲೆಯ ಮೇಲೆ ತರಕಾರಿ ತಳ ಹಿಡಿದ ವಾಸನೆ ಬಂತು. ಎದ್ದು ಆರಿಸಿದೆ. ಗಂಟೆ ಒಂದೂವರೆ.

ಎರಡನೆಯ ಕ್ಯಾಮೆರಾ ಎದುರುಬದಿಯದು. ಅದರ ಒಂದು ಮೂಲೆಯಲ್ಲಿ ಮಾವನ ಮೇಜು ಕಾಣುತ್ತದೆ. ಅದನ್ನು ಹಾಕಬೇಕಿತ್ತು. ಹಾಕದೆ ಆರನೆಯ, ಏಳನೆಯ ಪಂದ್ಯಗಳನ್ನು ನೋಡಿ ಬರೆದು ಮುಗಿಸಿದೆ. ಅವುಗಳಲ್ಲಿ ಏನಿತ್ತು ಎಂದು ಈಗ ಕೇಳಿದರೆ ನನಗೆ ನೆನಪಿಲ್ಲ. ಎರಡರಲ್ಲೂ ಹಲಗೆ ಎರಡು ಐವತ್ತಕ್ಕೇ ಬಡಿದಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅದೊಂದು ನೆನಪಿದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಐದನೆಯ ಪಂದ್ಯದ ಪುಟದಲ್ಲಿ ‘ಗಡಿಯಾರ’ ಎಂಬ ಸಾಲಿನ ಮುಂದೆ ನಾನು ‘ಲೋಪವಿಲ್ಲ’ ಎಂದು ಬರೆದಿದ್ದೆ. ಬರೆದು ಅದನ್ನೇ ನೋಡುತ್ತಾ ಕೂತಿದ್ದೆ. ಒಂದೇ ಪದ. ರೆಫರಿ ಆ ಮಾತೆತ್ತಿರಲಿಲ್ಲ, ಕಾರ್ಯದರ್ಶಿಗೆ ಬೇಕಿರಲಿಲ್ಲ, ಮುನ್ನೂರು ಜನರಲ್ಲಿ ಯಾರೂ ಆ ಹನ್ನೆರಡು ಸೆಕೆಂಡು ಲೆಕ್ಕ ಹಾಕಿಲ್ಲ ಎಂದೇ ಆಗ ನನಗನಿಸಿತ್ತು. ತರಬೇತುದಾರನೂ ಗಂಟೆ ತಡವಾಯಿತು ಅಂದುಕೊಂಡಿದ್ದನೇ ಹೊರತು ಹಲಗೆ ಬೇಗ ಬಂತು ಎಂದು ಅವನಿಗೂ ಹೊಳೆದಿರಲಿಲ್ಲ. ಮನೆಯಲ್ಲಿ ಎಲ್ಲ ಹಾಗೇ ಇರುತ್ತಿತ್ತು.

ಮಾವ ಬಂದರು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು.

"ಐದನೇದು ನೋಡಿದ್ಯಾ?"

"ನೋಡ್ದೆ ಮಾವ."

"ಹಲ್ಲಿಂದು ಬಿದ್ದಾಗ ನಾನು ನಿಲ್ಲಿಸ್ಲಿಲ್ಲ." ಅವರ ಕಣ್ಣು ಮೇಜಿನ ಮೇಲಿತ್ತು. "ನಂಗೆ ಮಂಪರು ಬಂದಿತ್ತು. ಊಟ ಆದ್ಮೇಲೆ ಕೂತಿದ್ದು ನೋಡು. ಹಾಗಂತಲೇ ಬರಿ. ಮುದುಕ ತೂಕಡಿಸ್ತಿದ್ದ ಅಂತ."

ಹಲಗೆ ಬಡಿದ ಮೇಲೆ ಪಕ್ಕದಲ್ಲಿ ಅಂಕ ಬರೆದುಕೊಳ್ಳುತ್ತಿದ್ದವರು ‘ಟೈಮ್’ ಎಂದಾಗ ನಿಲ್ಲಿಸಿ ಮತ್ತೆ ಬಿಟ್ಟಿದ್ದ ತಮ್ಮ ಕೈಗಡಿಯಾರ ತೋರಿಸಿದರಂತೆ. ಆಗ ಗೊತ್ತಾಯಿತಂತೆ. ಗಂಟೆಯ ಹಗ್ಗ ಹಿಡಿದಿದ್ದ ಕೈಯನ್ನು ಅಲ್ಲೇ ತಡೆದರಂತೆ. ಇನ್ನೂ ಸಮಯ ಇರುವಾಗ ಗಂಟೆ ಹೊಡೆದರೆ ನರ್ಸಿಗೆ ಮೋಸ ಅಲ್ಲವಾ ಎಂದು ಕೇಳಿದರು.  ಆ ಹುಡುಗಿ ತಮ್ಮ ಕಡೆಗೆ ತಿರುಗಿ ನೋಡಿದಳು, ಹತ್ತು ಮುಗಿದ ಮೇಲೆ, ಮಲಗಿದ ಕಡೆಯಿಂದಲೇ ನೋಡಿದಳು ಎಂದರು. ಅಷ್ಟು ಹೇಳಿ ಎದ್ದು ಹೊರಗೆ ಬಟ್ಟೆ ಒಣಹಾಕಲು ಹೋದರು.

ಮಾವ ತೂಕಡಿಸುವುದನ್ನು ನಾನು ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ನೋಡಿಲ್ಲ. ಎರಡನೆಯ ಕ್ಯಾಮೆರಾದ ವಿಡಿಯೊ ಹಾಕಿದೆ.

ಹಲ್ಲಿನ ರಕ್ಷೆ ಬಿದ್ದ ಗಳಿಗೆ. ಮಾವ ಕುರ್ಚಿಯ ತುದಿಗೆ ಸರಿದಿದ್ದರು. ಹೆಬ್ಬೆರಳು ಸ್ಟಾಪ್‌ವಾಚಿನ ಗುಂಡಿಯ ಮೇಲಿತ್ತು. ಕಣ್ಣು ರೆಫರಿಯ ಕೈಗಳ ಮೇಲೆ ನೆಟ್ಟಿತ್ತು. ಹನ್ನೆರಡು ಸೆಕೆಂಡೂ ಅವರು ಅಲುಗಾಡಲಿಲ್ಲ. ಏನನ್ನೋ ಕಾಯುತ್ತಿದ್ದರು. ರೆಫರಿ ಎತ್ತಿದ್ದು ಒಂದೇ ಕೈ. ಮಾವ ಕಾಯುತ್ತಿದ್ದದ್ದು ಎರಡು ಕೈಗಳನ್ನು.

ಆಗ ಈ ಮೇಜು ನನಗೆ ನೆನಪಾಯಿತು. ಹೋದ ವರ್ಷ ಇಲ್ಲೇ ಕೂತು ಕಲಿಸಿದ್ದೆ. ಪುಟ್ಟಿ ರೆಫರಿಯಾಗಿ ಕುಣಿಯುತ್ತಿದ್ದಳು. ಅವಳು ಕೆಮ್ಮಿದರೂ ಸೀನಿದರೂ ಮಾವ ಗಡಿಯಾರ ನಿಲ್ಲಿಸಿಬಿಡುತ್ತಿದ್ದರು. ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ನನಗೆ ಗಾಬರಿ, ಮೊದಲ ದಿನವೇ ನಗೆಪಾಟಲಾದಾರು ಎಂದು. ಕೊನೆಗೆ ಒಂದೇ ಮಾತು ತಲೆಗೆ ಹತ್ತಿಸಿದೆ: ರೆಫರಿ ಎರಡೂ ಕೈಯನ್ನು ಕತ್ತರಿಯ ಹಾಗೆ ಅಡ್ಡ ಹಿಡಿದು ತೋರಿಸದ ಹೊರತು ಗುಂಡಿ ಮುಟ್ಟಬೇಡಿ ಮಾವ, ಆಕಾಶ ಬಿದ್ದರೂ ಮುಟ್ಟಬೇಡಿ.

ಡ್ರಾಯರಿನಿಂದ ನಿಯಮದ ಹಾಳೆ ತೆಗೆದೆ. ಒಂಬತ್ತನೆಯದು. ‘ರೆಫರಿ ಕೈಸನ್ನೆಯಿಂದಾಗಲಿ ಬಾಯಿಮಾತಿನಿಂದಾಗಲಿ ಆಟ ತಡೆದಾಗ ಟೈಮ್‌ಕೀಪರ್ ಗಡಿಯಾರ ನಿಲ್ಲಿಸತಕ್ಕದ್ದು.’ ಆ ಹಾಳೆಯನ್ನು ನಾನು ಅವರಿಗೆ ಓದಿ ಹೇಳಿರಲಿಲ್ಲ. ಸುಲಭವಾಗಲಿ ಎಂದು ನನ್ನದೇ ಒಂದು ನಿಯಮ ಮಾಡಿಕೊಟ್ಟಿದ್ದೆ. ಅದನ್ನು ಅವರು ಅಕ್ಷರ ಬಿಡದೆ ಪಾಲಿಸಿದ್ದರು. ಈಗ ಸೊಸೆಯ ಕೆಲಸ ಉಳಿಯಲಿ ಎಂದು, ಮೂವತ್ತೆರಡು ವರ್ಷದಲ್ಲಿ ಒಂದು ದಿನವೂ ಮಾಡದ ನಿದ್ದೆಯನ್ನು ತಲೆಯ ಮೇಲೆ ಹಾಕಿಕೊಳ್ಳಲು ಬಂದಿದ್ದರು.

ಕಿಟಕಿಯಿಂದ ನೋಡಿದರೆ ಮಗಳ ಅಂಗಿಯನ್ನು ಎರಡೆರಡು ಸಲ ಕೊಡವಿ ಹಗ್ಗದ ಮೇಲೆ ಹಾಕುತ್ತಿದ್ದರು. ತೋಳು ಸಮ ಬರುವ ತನಕ ಎಳೆಯುತ್ತಿದ್ದರು.

ಮೂರೂಕಾಲು. ಬರೆದದ್ದನ್ನು ಹೊಡೆದುಹಾಕಿ ಹೊಸ ಪುಟ ತೆಗೆದೆ.

‘ಐದನೆಯ ಪಂದ್ಯ, ಮೂರನೆಯ ಸುತ್ತು. ಹಲ್ಲಿನ ರಕ್ಷೆ ಬಿದ್ದಾಗ ರೆಫರಿ ಒಂದು ಕೈ ಎತ್ತಿ, ಬಾಯಲ್ಲಿ ಹೇಳಿ ಆಟ ತಡೆದರು. ಗಡಿಯಾರ ನಿಲ್ಲಲಿಲ್ಲ. ಹನ್ನೆರಡು ಸೆಕೆಂಡು ಹೆಚ್ಚಾಗಿ ಓಡಿತು. ಹಲಗೆ 2:50ರ ಬದಲು 2:38ಕ್ಕೆ ಬಡಿಯಿತು. ಆಟಗಾರ್ತಿ ಹಲಗೆಯನ್ನು ನಂಬಿ, ಬೆರಳಲ್ಲಿ ಹತ್ತು ಎಣಿಸಿ ತಡೆದುಕೊಂಡಳು; ಅವಳ ಎಣಿಕೆಯಲ್ಲಿ ತಪ್ಪಿಲ್ಲ. ಎದುರಾಳಿಯ ಹಿಡಿತ ನಿಯಮದಂತೇ ಇತ್ತು, ಅವಳದೂ ತಪ್ಪಿಲ್ಲ. ಟೈಮ್‌ಕೀಪರ್ ಎಚ್ಚರವಾಗಿದ್ದರು, ಎರಡು ಕೈಗಳ ಸನ್ನೆಗಾಗಿ ಕಾಯುತ್ತಿದ್ದರು. ಎರಡನೆಯ ಕ್ಯಾಮೆರಾದಲ್ಲಿ ಕಾಣುತ್ತದೆ. ಆ ಸನ್ನೆಯಿಲ್ಲದೆ ನಿಲ್ಲಿಸಬಾರದೆಂದು ಅವರಿಗೆ ತಪ್ಪಾಗಿ ಕಲಿಸಿದವಳು ಈ ಟಿಪ್ಪಣಿ ಬರೆಯುತ್ತಿರುವ ನಾನು. ಅವರು ನನ್ನ ಮಾವ.’

ಸಹಿ ಮಾಡಿ, ಮೂರು ಐವತ್ತಾರಕ್ಕೆ ಏಳೂ ಪುಟ ಕಳಿಸಿದೆ. ಆಮೇಲೆ ತಳ ಹಿಡಿದ ಪಾತ್ರೆ ತಿಕ್ಕಲು ಕೂತೆ. ಅದು ಬೇಗ ಬಿಡಲಿಲ್ಲ, ಒಳ್ಳೆಯದೇ ಆಯಿತು.

ಐದೂವರೆಗೆ ಕಾರ್ಯದರ್ಶಿಯ ಫೋನು ಬಂತು. ದನಿಯಲ್ಲಿ ನಗುವಿರಲಿಲ್ಲ. ಐದನೆಯ ಪಂದ್ಯ ರದ್ದು, ಯಾರದೂ ಗೆಲುವಲ್ಲ, ಯಾರದೂ ಸೋಲಲ್ಲ. ಬೇಕರಿ ಹುಡುಗಿಯ ಹೆಸರು ಪಟ್ಟಿಯಲ್ಲಿ ಉಳಿದಿದೆ. ಸಮಿತಿ ಮತ್ತೆ ಕೂರುವ ತನಕ ಟೈಮ್‌ಕೀಪರ್ ಕೆಲಸಕ್ಕೂ ಪರಿಶೀಲನೆಗೂ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಗಂಟೆ, ಸ್ಟಾಪ್‌ವಾಚ್, ಹಲಗೆಗಳನ್ನು ನಾಳೆ ತಲುಪಿಸಬೇಕು. ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದರು. ಯಾವುದನ್ನು ಎಂದು ನಾನು ಕೇಳಲಿಲ್ಲ.

ಫೋನಿಟ್ಟು ತಿರುಗಿದರೆ ಮಾವ ಒಣಗಿದ ಬಟ್ಟೆಯ ರಾಶಿ ಎದೆಗವಚಿಕೊಂಡು ನಿಂತಿದ್ದರು. ಎಲ್ಲ ಹೇಳಿದೆ. ನನ್ನ ಸಾಲನ್ನೂ ಹೇಳಿದೆ.

"ತೂಕಡಿಸ್ತಿದ್ದ ಅಂತ ಬರಿ ಅಂದಿದ್ನಲ್ಲೇ ನಿಂಗೆ."

"ವಿಡಿಯೊ ಇದೆಯಲ್ಲ ಮಾವ. ಅಷ್ಟು ಕಣ್ಣು ಬಿಟ್ಕೊಂಡು ಯಾರು ತೂಕಡಿಸ್ತಾರೆ?"

ಅವರ ತುಟಿಯ ಒಂದು ಮೂಲೆ ಸ್ವಲ್ಪ ಅಲುಗಿತು. ಬಟ್ಟೆಯನ್ನು ಕುರ್ಚಿಯ ಮೇಲಿಟ್ಟು, ಆ ಹುಡುಗಿಗೆ ಯಾರು ತಿಳಿಸುತ್ತಾರೆ ಎಂದು ಕೇಳಿದರು. ಕಾರ್ಯದರ್ಶಿ ನಾಳೆ ಕಾಗದ ಕಳಿಸುತ್ತಾರೆ ಎಂದೆ. ನಾಳೆಯವರೆಗೆ ಅವಳು ಬೆರಳು ಮಡಚುತ್ತಾ ಕೂರಬೇಕಾ ಎಂದರು. ಬೆಳಿಗ್ಗೆ ನಾನು ಫೋನಿನಲ್ಲಿ ಮಾತಾಡಿದ್ದು ಅವರ ಕಿವಿಗೆ ಬಿದ್ದಿತ್ತು.

ಬೇಕರಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಸದ್ದು ಎಲ್ಲರಿಗೂ ಕೇಳುವ ಹಾಗೆ ಇಟ್ಟೆ. ಅವರಿಗೆ ಫೋನನ್ನು ಬಾಯಿಂದ ಒಂದು ಮೊಳ ದೂರ ಹಿಡಿದೇ ಅಭ್ಯಾಸ. ಹುಡುಗಿ ಹಲೋ ಎಂದಳು. ಮಾವ ಗಂಟಲು ಸರಿಮಾಡಿಕೊಂಡರು, ಇನ್ನೊಮ್ಮೆ ಸರಿಮಾಡಿಕೊಂಡರು.

"ನಾನಮ್ಮ, ಹಲಗೆ ಬಡಿಯೋನು. ನಿನ್ನ ಎಣಿಕೆ ಸರಿ ಇತ್ತು. ತಪ್ಪಿದ್ದು ನಂದು. ಹತ್ತಕ್ಕೆ ಮುಂಚೇನೇ ಬಡಿದ್ಬಿಟ್ಟೆ."

ಆ ಕಡೆ ತಟ್ಟೆಗಳ ಸದ್ದು ಮಾತ್ರ. ಪಂದ್ಯ ರದ್ದಾಗಿದೆ, ನಿನ್ನ ಹೆಸರು ಉಳಿದಿದೆ ಎಂದೂ ಮಾವನೇ ಹೇಳಿದರು. ಅವಳು ಅಳುತ್ತಿದ್ದಾಳೋ ಬೈಯಲು ಮಾತು ಹುಡುಕುತ್ತಿದ್ದಾಳೋ ತಿಳಿಯದೆ ಮಾವ ನನ್ನ ಮುಖ ನೋಡಿದರು. ಬೈದರೆ ಬೈಸಿಕೊಳ್ಳಲು ತಯಾರಾಗಿ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದರು.

"ತಾತ," ಎಂದಳು ಕೊನೆಗೆ, "ಹಲಗೆ ಆದ್ಮೇಲೆ ನಾನು ಎಷ್ಟು ಹೊತ್ತು ತಡ್ಕೊಂಡೆ?"

"ಹನ್ನೆರಡು."

"ಪೂರ್ತಿ ಹನ್ನೆರಡಾ?"

"ಪೂರ್ತಿ," ಎಂದರು ಮಾವ. "ನಮ್ಮ ಸೊಸೆ ಎರಡೆರಡು ಸಲ ನೋಡಿದ್ದಾಳೆ."

ಅವಳು ಫೋನನ್ನು ದೂರ ಹಿಡಿದು ಬೇಕರಿಯಲ್ಲಿ ಯಾರಿಗೋ ಆ ಸಂಖ್ಯೆಯನ್ನು ಕೂಗಿ ಹೇಳುವುದು ಕೇಳಿಸಿತು. ಆಮೇಲೆ ತಟ್ಟೆ ಕರಿಕಾಗುತ್ತಿದೆ ತಾತ, ಇಡ್ತೀನಿ ಎಂದಳು.

ಮಾವ ಫೋನನ್ನು ಮೇಜಿನ ಮೇಲಿಟ್ಟು ಅದರ ಪಕ್ಕ ತಮ್ಮ ಚೀಲವನ್ನು ತಂದಿಟ್ಟರು. ಗಂಟೆಯನ್ನು ಒರೆಸಿದರು, ಸ್ಟಾಪ್‌ವಾಚನ್ನು ಸೊನ್ನೆಗೆ ತಂದರು, ಎರಡು ಹಲಗೆಗಳ ನಡುವೆ ಮೆತ್ತನೆಯ ಬಟ್ಟೆಯಿಟ್ಟು ಸದ್ದಾಗದ ಹಾಗೆ ಕಟ್ಟಿದರು. ಪುಟ್ಟಿ ಬಂದು ಭಾಗಾಕಾರದ ಪುಸ್ತಕವನ್ನು ಅವರ ಮುಂದೆ ಬಿಚ್ಚಿದಳು. ಅವರು ಕನ್ನಡಕ ಹಾಕಿಕೊಂಡು, ಬೆಳಿಗ್ಗೆ ತಾವೇ ತಪ್ಪು ಹೇಳಿಕೊಟ್ಟಿದ್ದನ್ನು ಒಂದೊಂದಾಗಿ ಅಳಿಸತೊಡಗಿದರು. ನಾನು ಎದ್ದು ಹೊಸದಾಗಿ ತರಕಾರಿ ಹೆಚ್ಚಲು ಶುರುಮಾಡಿದೆ.